ಲೇನ್ ಸಾಹೇಬನ ಕತ್ತರಿ

ಮಲಬದ್ಧತೆ ಅಂದ್ರೆ ನಮ್ಮಲ್ಲಿ ಹರಳೆಣ್ಣೆ, ತ್ರಿಫಲ ಚೂರ್ಣ, ಅಲ್ಲಿಗೆ ಮುಗೀತು. ಲಂಡನ್ನಿನ ಗೈಸ್ ಆಸ್ಪತ್ರೆಯ ಸರ್ಜನ್ ಅರ್ಬತ್‌ನಾಟ್ ಲೇನ್ ಅದಕ್ಕೆ ದೊಡ್ಡ ಕರುಳನ್ನೇ ಕತ್ತರಿಸಿ ತೆಗೀತಿದ್ದ ಅಂತ ಓದಿದಾಗ ನನಗೆ ಮೊದಲು ನಗು ಬಂತು. ಮುಂದೆ ಓದಿದಂತೆ ನಗು ನಿಂತಿತು.

ಇಪ್ಪತ್ತನೇ ಶತಮಾನದ ಆರಂಭ. ನಿಂತ ಮಲ ವಿಷವಾಗಿ ರಕ್ತ ಸೇರುತ್ತೆ, ತಲೆನೋವು, ನಿಶ್ಶಕ್ತಿ ಎಲ್ಲಕ್ಕೂ ಅದೇ ಮೂಲ ಅನ್ನೋದು ಈತನ ನಂಬಿಕೆ. ಕೈಚಳಕಕ್ಕೇನೂ ಕೊರತೆಯಿರಲಿಲ್ಲ, ಮುರಿದ ಮೂಳೆಗೆ ಉಕ್ಕಿನ ಪಟ್ಟಿ ಕೂರಿಸಿ ಹೆಸರಾದವನು. ಆದರೆ ಅದು ಆಂಟಿಬಯೋಟಿಕ್ ಇಲ್ಲದ ಕಾಲ. ಕರುಳಿನ ಹೊಲಿಗೆ ಸೋರಿದರೆ ಹೊಟ್ಟೆಯೆಲ್ಲ ಕೀವು, ಆಮೇಲೆ ಸಾವು. ಬದುಕಿದವರಲ್ಲಿ ಕೆಲವರಿಗೆ ಕರುಳು ಅಂಟಿಕೊಂಡು ಮತ್ತೆ ಆಪರೇಷನ್, ಕೆಲವರಿಗೆ ಭೇದಿ. ರೋಗಿಗಳಲ್ಲಿ ಹೆಂಗಸರೇ ಹೆಚ್ಚು.

ಎಷ್ಟೋ ಜನರ ತೊಂದರೆ ಕರುಳಲ್ಲಿರೋದಿಲ್ಲ, ಬಾಗಿಲಲ್ಲಿರುತ್ತೆ. ತಿಣುಕುವಾಗ ಸಡಿಲಾಗಬೇಕಾದ ಗುದದ ಸ್ನಾಯು ಬಿಗಿದುಕೊಂಡರೆ ಮೇಲಿನ ಕರುಳು ಕತ್ತರಿಸಿ ಏನು ಬಂತು? ಈಗ ಒತ್ತಡ ಅಳೆದು, ಮಲ ಹೊರಬರೋದನ್ನ ಎಕ್ಸ್‌ರೇಯಲ್ಲಿ ನೋಡಿ, ಮೊದಲು ಆ ಸ್ನಾಯುವಿಗೆ ಅಭ್ಯಾಸ ಮಾಡಿಸ್ತಾರೆ. ಲೇನ್ ಬಳಿ ಈ ಪರೀಕ್ಷೆಗಳಿರಲಿಲ್ಲ, ಸರಿ. ಅನುಮಾನವೂ ಇರಲಿಲ್ಲ ಅನ್ನೋದು ನನ್ನ ತಕರಾರು.

1913ರಲ್ಲಿ ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನಲ್ಲಿ ಈ ಬಗ್ಗೆ ದೊಡ್ಡ ಚರ್ಚೆಯೇ ನಡೀತು. 1925ರಲ್ಲಿ ಲೇನ್ ನ್ಯೂ ಹೆಲ್ತ್ ಸೊಸೈಟಿ ಕಟ್ಟಿ, ಹಣ್ಣು, ತರಕಾರಿ, ತವುಡು ತೆಗೆಯದ ಗೋಧಿ ತಿನ್ನಿ ಅಂತ ಜನರಿಗೆ ಹೇಳತೊಡಗಿದ.