ಮೈಸೂರು ಸಂಸ್ಥಾನದ ಮೋಟಾರು ಕಾರ್ಖಾನೆಯ ಯೋಜನೆ

ಕೈಗಾರಿಕೆಯ ದಕ್ಷತೆಯೆಂದರೆ ಕೆಲಸಗಾರನ ಕೈಚಳಕವೇ ಎಂಬ ಅಭಿಪ್ರಾಯವು ಬಹುಕಾಲದಿಂದ ರೂಢವಾಗಿದೆ. ಅದು ಎಷ್ಟುಮಟ್ಟಿಗೆ ಯುಕ್ತವೆಂಬುದನ್ನು ನಿರ್ಣಯಿಸಲು, ಬೆಂಗಳೂರಿನಲ್ಲಿ ಸ್ಥಾಪಿತವಾಗಬೇಕಾಗಿದ್ದು ಆಗದೆ ಹೋದ ಮೋಟಾರು ಕಾರ್ಖಾನೆಯ ವೃತ್ತಾಂತವು ಸಹಾಯಕವಾಗಿದೆ.

೧೯೧೩ರಲ್ಲಿ ಹೆನ್ರಿ ಫೋರ್ಡನು ಅಮೆರಿಕದ ಹೈಲೆಂಡ್ ಪಾರ್ಕಿನ ಕಾರ್ಖಾನೆಯಲ್ಲಿ ಚಲಿಸುವ ಜೋಡಣೆಯ ಸಾಲನ್ನು ಏರ್ಪಡಿಸಿದನು. ಅದಕ್ಕೆ ಮೊದಲು ಗಾಡಿಯೊಂದರ ಅಡಿಗಟ್ಟನ್ನು ಜೋಡಿಸಲು ಸುಮಾರು ೧೨½ ಗಂಟೆಗಳ ದುಡಿಮೆ ಬೇಕಾಗುತ್ತಿದ್ದಿತು. ಮರುವರ್ಷ ಅದು ಸುಮಾರು ೧½ ಗಂಟೆಗೆ ಇಳಿಯಿತು. ಕೆಲಸಗಾರರು ಹಠಾತ್ತನೆ ನಿಪುಣರಾದುದರಿಂದ ಹೀಗಾದುದಲ್ಲ. ಕೆಲಸದ ವಿಭಜನೆ, ಬಿಡಿಭಾಗಗಳ ಏಕರೂಪತೆ, ವಿಪುಲವಾದ ಮಾರಾಟ—ಇವು ಮೂರೂ ಕೂಡಿ ಈ ಫಲವನ್ನು ಕೊಟ್ಟವು.

ಶ್ರೀ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಈ ತತ್ತ್ವವನ್ನು ಚೆನ್ನಾಗಿ ಗ್ರಹಿಸಿದ್ದರು. ೧೯೩೫ರಲ್ಲಿ ಅವರು ಯೂರೋಪು ಅಮೆರಿಕಗಳಲ್ಲಿ ಸಂಚರಿಸಿ ಮೋಟಾರು ಕೈಗಾರಿಕೆಯನ್ನು ಪರಿಶೀಲಿಸಿ, ೧೯೩೬ರಲ್ಲಿ ತಮ್ಮ ಯೋಜನೆಯನ್ನು ಪ್ರಕಟಿಸಿದರು. ಆಗ ಮುಂಬಯಿಯಲ್ಲಿ ಜನರಲ್ ಮೋಟಾರ್ಸ್ ಕಂಪೆನಿಯು ೧೯೨೮ರಿಂದ ಗಾಡಿಗಳನ್ನು ಜೋಡಿಸುತ್ತಿದ್ದರೂ ಅವುಗಳ ಭಾಗಗಳು ಹಡಗಿನಲ್ಲಿ ಬರುತ್ತಿದ್ದವು. ಜೋಡಣೆಯಿಂದ ದೇಶಕ್ಕೆ ಕೂಲಿ ದೊರೆಯಿತೇ ಹೊರತು ತಯಾರಿಕೆಯ ವಿದ್ಯೆ ದೊರೆಯಲಿಲ್ಲ.

ಮೈಸೂರಿಗೆ ಅನುಕೂಲತೆಗಳಿಗೆ ಕೊರತೆಯಿರಲಿಲ್ಲ. ಶಿವನಸಮುದ್ರದ ವಿದ್ಯುಚ್ಛಕ್ತಿ ೧೯೦೨ರಿಂದಲೂ, ಭದ್ರಾವತಿಯ ಕಬ್ಬಿಣ ೧೯೨೩ರಿಂದಲೂ ದೊರೆಯುತ್ತಿದ್ದವು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅಮೆರಿಕದ ಕ್ರೈಸ್ಲರ್ ಕಂಪೆನಿಯೊಡನೆ ಒಪ್ಪಂದಕ್ಕೆ ಬಂದಿದ್ದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರು ಸಂಸ್ಥಾನದ ನೆರವನ್ನು ನೀಡಲು ಸಿದ್ಧರಾಗಿದ್ದರು. ಆದರೆ ಯುದ್ಧಕಾಲದಲ್ಲಿ ಈ ಕಾರ್ಖಾನೆಯು ಅವಶ್ಯವಲ್ಲವೆಂದು ಭಾರತ ಸರ್ಕಾರವು ಸಮ್ಮತಿಸಲಿಲ್ಲ.

ಅದೇ ವಾಲ್‌ಚಂದರು ಅದೇ ಸಂಸ್ಥಾನದ ಸಹಾಯದಿಂದ ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ೧೯೪೧ರಲ್ಲಿಯೇ ಅಲ್ಲಿ ಮೊದಲ ವಿಮಾನ ಸಿದ್ಧವಾಯಿತು. ಅದು ಅಮೆರಿಕದಿಂದ ಬಂದ ಭಾಗಗಳನ್ನು ಜೋಡಿಸಿದುದೆಂಬ ಆಕ್ಷೇಪವು ನ್ಯಾಯವೇ. ಆದರೂ ವಿಮಾನವನ್ನು ಜೋಡಿಸಬಲ್ಲ ಊರಿನ ಜನಕ್ಕೆ ಮೋಟಾರು ಗಾಡಿಯ ಕೆಲಸವನ್ನು ಕಲಿಯುವ ಶಕ್ತಿಯಿರಲಿಲ್ಲವೆಂದು ಹೇಳಲಾಗದು. ಅಡ್ಡಿಯಾದುದು ಅಧಿಕಾರ, ಅಸಾಮರ್ಥ್ಯವಲ್ಲ.

ಹಾಗೆಂದು ಅಧಿಕಾರವು ಕೈಗೆ ಬಂದ ಮಾತ್ರಕ್ಕೆ ದಕ್ಷತೆಯೂ ಬರಲಿಲ್ಲ. ೧೯೪೨ರಲ್ಲಿ ಹಿಂದೂಸ್ತಾನ್ ಮೋಟಾರ್ಸ್, ೧೯೪೪ರಲ್ಲಿ ವಾಲ್‌ಚಂದರ ಪ್ರೀಮಿಯರ್ ಕಂಪೆನಿ ಹುಟ್ಟಿದವು. ಸ್ವಾತಂತ್ರ್ಯಾನಂತರ ಸರ್ಕಾರವು ಸ್ವದೇಶೀ ತಯಾರಿಕೆಗೆ ರಕ್ಷಣೆಯಿತ್ತಿತು. ಕೇವಲ ಜೋಡಣೆ ನಡೆಸುತ್ತಿದ್ದ ಜನರಲ್ ಮೋಟಾರ್ಸ್ ೧೯೫೪ರಲ್ಲಿ ಹೊರಟುಹೋಯಿತು. ಆದರೆ ಚಿಕ್ಕ ಮಾರುಕಟ್ಟೆಯನ್ನು ಹಲವರು ಹಂಚಿಕೊಂಡುದರಿಂದ ಯಾರಿಗೂ ವಿಪುಲ ಉತ್ಪಾದನೆಯ ಲಾಭ ದಕ್ಕಲಿಲ್ಲ. ಪೈಪೋಟಿಯಿಲ್ಲದುದರಿಂದ ಸುಧಾರಣೆಯ ಒತ್ತಾಯವೂ ಇರಲಿಲ್ಲ. ೧೯೫೭ರಲ್ಲಿ ಬಂದ ಅಂಬಾಸಡರ್ ಗಾಡಿಯು ಅಲ್ಪಸ್ವಲ್ಪ ಮಾರ್ಪಾಡುಗಳೊಡನೆ ೨೦೧೪ರವರೆಗೂ ತಯಾರಾದುದು ಇದಕ್ಕೆ ನಿದರ್ಶನ.

ಬೆಂಗಳೂರಿಗೆ ಈ ಕೈಗಾರಿಕೆ ಬಂದುದು ಬೇರೆ ದಾರಿಯಿಂದ. ೧೯೫೧ರಲ್ಲಿ ಸ್ಥಾಪಿತವಾದ ಮೈಕೋ ಸಂಸ್ಥೆಯು ಬಸವನಗುಡಿಗೆ ಅನತಿದೂರದ ಆಡುಗೋಡಿಯಲ್ಲಿ ಮೋಟಾರಿನ ಸೂಕ್ಷ್ಮ ಭಾಗಗಳನ್ನು ತಯಾರಿಸಿತು. ಇಡೀ ಗಾಡಿಗಳ ದೊಡ್ಡ ಕಾರ್ಖಾನೆಯು ಬಿಡದಿಯಲ್ಲಿ ಕೆಲಸಕ್ಕೆ ತೊಡಗಿದುದು ೧೯೯೯ರಲ್ಲಿ. ವಿಶ್ವೇಶ್ವರಯ್ಯನವರ ಯೋಜನೆ ಹೊರಟು ಆಗ ೬೩ ವರ್ಷಗಳು ಕಳೆದಿದ್ದವು. ಅಷ್ಟು ಕಾಲದ ವಿಳಂಬಕ್ಕೆ ಕೆಲಸಗಾರನನ್ನು ಹೊಣೆಮಾಡುವುದು ಇತಿಹಾಸಕ್ಕೆ ಸಮ್ಮತವಲ್ಲ. ಅವನ ಕೈಗೆ ಕೆಲಸವೇ ಬಂದಿರಲಿಲ್ಲ.