ಡಂಬಳದ ತಾರೆಯೂ ವರ್ತಕರ ಎಂಟು ಭಯಗಳೂ

ಕರ್ನಾಟಕದ ಬೌದ್ಧಧರ್ಮದ ಬಗ್ಗೆ ಬರೆಯಹೊರಟವರು ಸಾಮಾನ್ಯವಾಗಿ ಮಂಗಳೂರಿನ ಕದ್ರಿಗೆ ಹೋಗಿ ಅಲ್ಲೇ ನಿಂತುಬಿಡುತ್ತಾರೆ. ಆಳುಪ ಕುಂದವರ್ಮ 968ರಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರ ಬೋಧಿಸತ್ವ ಅವಲೋಕಿತೇಶ್ವರನೋ ಶಿವನೋ ಎಂಬ ವಾದ ಗೋವಿಂದ ಪೈಗಳ ಕಾಲದಿಂದಲೂ ತಣಿದಿಲ್ಲ. ಗುಡಿ ಮೊದಲು ಯಾರದ್ದು ಎಂಬ ಈ ವ್ಯಾಜ್ಯದಲ್ಲಿ, ಬೋಧಿಸತ್ವನೆದುರು ಕೈಮುಗಿದವರು ಬೇಡಿದ್ದೇನು ಎಂದು ಕೇಳಿದವರು ವಿರಳ.

ಆ ಪ್ರಶ್ನೆಗೆ ಉತ್ತರ, ಗದಗ ಸೀಮೆಯ ಡಂಬಳದ 1095ರ ಶಾಸನದಲ್ಲಿದೆ. ಆರನೆಯ ವಿಕ್ರಮಾದಿತ್ಯನ ರಾಣಿ ಲಕ್ಷ್ಮಾದೇವಿಯ ಆಡಳಿತದಲ್ಲಿದ್ದ ಈ ಊರಿನಲ್ಲಿ ಹದಿನಾರು ಮಂದಿ ಶೆಟ್ಟಿಗಳು ಬುದ್ಧವಿಹಾರ ಕಟ್ಟಿಸಿದ್ದರು. ಲೊಕ್ಕಿಗುಂಡಿಯ ದೊಡ್ಡ ವರ್ತಕ ಸಂಗವಯ್ಯ ಶೆಟ್ಟಿ ಬೌದ್ಧರ ರಕ್ಷಕದೇವತೆ ಆರ್ಯತಾರಾದೇವಿಗೆ ಬೇರೊಂದು ವಿಹಾರ ಕಟ್ಟಿಸಿದ್ದ. ಶಾಸನವನ್ನು ಫ್ಲೀಟ್ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಎಂದೋ ಪ್ರಕಟಿಸಿದರು. ಅನಂತರದವರು ಅದರಿಂದ ರಾಣಿಯ ಅಧಿಕಾರವನ್ನೂ ದತ್ತಿಯ ಲೆಕ್ಕವನ್ನೂ ಎತ್ತಿಕೊಂಡು, ತಾರೆಯ ಸ್ತುತಿಯನ್ನು ರೂಢಿಯ ಮಂಗಳಶ್ಲೋಕವೆಂದು ದಾಟಿ ಮುಂದೆ ಹೋದರು.

ದಾಟಬಾರದಿತ್ತು. ಆ ಸ್ತುತಿ ತಾರೆ ಯಾವ ಯಾವ ಭಯ ನೀಗುತ್ತಾಳೆಂದು ಹೆಸರಿಟ್ಟು ಹೇಳುತ್ತದೆ: ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸಂಕೋಲೆ, ಕಡಲು, ಪಿಶಾಚಿ. ಈ ಎಂಟರಲ್ಲಿ ಪುನರ್ಜನ್ಮದ ಭಯವಿಲ್ಲ. ಸಂಕೋಲೆ ಎಂದರೆ ಭವಬಂಧನವೆಂದು ಅರ್ಥ ಹಿಗ್ಗಿಸುವವರು ಇದ್ದೇ ಇರುತ್ತಾರೆ. ಅವರು ಆನೆಗೂ ಹಾವಿಗೂ ಅಂಥದೇ ಅರ್ಥ ಹುಡುಕಬೇಕಾದೀತು.

ಪಟ್ಟಿ ರೂಢಿಯದೇ, ನಿಜ. ಔರಂಗಾಬಾದಿನ ಏಳನೆಯ ಗುಹೆಯ ಮೊಗಸಾಲೆಯಲ್ಲಿ ನಿಂತ ಅವಲೋಕಿತೇಶ್ವರನ ಎಡಬಲಕ್ಕೆ ಇವೇ ಭಯಗಳನ್ನು ನಾಲ್ಕು ನಾಲ್ಕಾಗಿ ಕೊರೆದಿದ್ದಾರೆ. ಒಂದು ಕಡೆ ಮುಳುಗುವ ಹಡಗು, ಇನ್ನೊಂದು ಕಡೆ ಕತ್ತಿ ಹಿರಿದ ದರೋಡೆಕೋರ. ಇದರ ಮೂಲದಲ್ಲಿರುವ 'ಸದ್ಧರ್ಮಪುಂಡರೀಕ'ದ ಅವಲೋಕಿತೇಶ್ವರ ಅಧ್ಯಾಯವಂತೂ, ಬೆಲೆಬಾಳುವ ಸರಕು ಹೊತ್ತ ಸಾರ್ಥವೊಂದು ಕಳ್ಳರ ನಡುವೆ ಸಿಕ್ಕಿಬಿದ್ದರೆ ಒಕ್ಕೊರಲಿನಿಂದ ಬೋಧಿಸತ್ವನ ಹೆಸರು ಕೂಗಬೇಕೆಂದೇ ಹೇಳುತ್ತದೆ. ಆ ರೂಢಿಯೇ ವರ್ತಕರ ದಾರಿಯನ್ನು ಕಣ್ಣಮುಂದಿಟ್ಟುಕೊಂಡು ಬೆಳೆದದ್ದು. ರೂಢಿ ಎಂದ ಮಾತ್ರಕ್ಕೆ ಅರ್ಥ ಸತ್ತುಹೋಯಿತೆಂದು ಬಗೆಯುವುದು ಶಾಸನತಜ್ಞರ ಹಳೆಯ ಚಾಳಿ.

ಐದನೆಯ ಶತಮಾನದ ಆರಂಭದಲ್ಲಿ ಸಿಂಹಳದಿಂದ ಮರಳುತ್ತಿದ್ದ ಚೀನಾದ ಯಾತ್ರಿಕ ಫಾಹಿಯಾನ್ ಈ ಭಯವನ್ನು ಉಂಡವನು. ಹಡಗಿಗೆ ನೀರು ನುಗ್ಗಿತು, ವರ್ತಕರು ಸರಕನ್ನು ಕಡಲಿಗೆ ಎಸೆಯತೊಡಗಿದರು. ಇವನೂ ತನ್ನ ನೀರಿನ ಪಾತ್ರೆಯನ್ನು ಎಸೆದ. ಮುಂದೆ ತನ್ನ ಗ್ರಂಥಗಳಿಗೂ ಮೂರ್ತಿಗಳಿಗೂ ಕೈಹಾಕಿಯಾರೆಂದು ಹೆದರಿ ಅವಲೋಕಿತೇಶ್ವರನಿಗೆ ಮೊರೆಯಿಟ್ಟ. ಭಾರತದಲ್ಲಿ ವರ್ಷಗಟ್ಟಲೆ ವಿನಯಗ್ರಂಥ ಅರಸಿದ ಪಂಡಿತ ಭಿಕ್ಷು ಈತ!

ಬಯಲುಸೀಮೆಯ ಡಂಬಳಕ್ಕೆ ಕಡಲೆಲ್ಲಿಯದು ಎಂಬ ಆಕ್ಷೇಪಣೆ ಬರಬಹುದು. ಆದರೆ ಐಹೊಳೆಯ ಐನೂರ್ವರೆಂಬ ವರ್ತಕಸಂಘದ ಹೆಸರಿರುವ ತಮಿಳು ಶಾಸನವೊಂದು ಸುಮಾತ್ರದ ಬರೂಸ್‌ನಲ್ಲಿ ಸಿಕ್ಕಿದೆ. ಕಾಲ 1088, ಡಂಬಳದ್ದಕ್ಕಿಂತ ಏಳೇ ವರ್ಷ ಹಿಂದೆ. ಡಂಬಳದ ಹದಿನಾರು ಮಂದಿಯೇ ಹಡಗು ಹತ್ತಿದ್ದರೆಂಬುದು ಇದರಿಂದ ಸಾಬೀತಾಗದು. ಆದರೆ ಕನ್ನಡನಾಡಿನ ವರ್ತಕಲೋಕಕ್ಕೆ ಕಡಲು ಬರಿಯ ಕವಿಸಮಯವಾಗಿರಲಿಲ್ಲ.

ತಾರೆ ಲೋಕೇಶ್ವರರ ಈ ಪೂಜೆಯನ್ನು ಬೌದ್ಧಧರ್ಮದ ಅವನತಿಯ ಲಕ್ಷಣವೆಂದು ಕರೆಯುವವರು ಭಿಕ್ಷುಗಳ ಗ್ರಂಥದ ಅಳತೆಗೋಲಿನಲ್ಲಿ ಶೆಟ್ಟಿಗಳ ಭಕ್ತಿಯನ್ನು ಅಳೆಯುತ್ತಾರೆ. ವಿಹಾರಕ್ಕೆ ಹಣ ಬರುತ್ತಿದ್ದದ್ದು ಆ ಶೆಟ್ಟಿಗಳಿಂದ. ಬಳ್ಳಿಗಾವೆಯಲ್ಲಿ ದಂಡನಾಯಕ ರೂಪಭಟ್ಟಯ್ಯ ಕಟ್ಟಿಸಿದ ವಿಹಾರದ 1065ರ ದತ್ತಿಯಂತೂ ತಾರಾಭಗವತಿ, ಕೇಶವ, ಲೋಕೇಶ್ವರ, ಬೌದ್ಧದೇವರನ್ನು ಒಟ್ಟಿಗೇ ಹೆಸರಿಸುತ್ತದೆ. ಅವನತಿವಾದಿಗಳು ಆ ಕೇಶವನನ್ನು ಎಲ್ಲಿ ಕೂರಿಸುತ್ತಾರೋ ನೋಡಬೇಕು.