ಉದ್ದ ಬೇರೆ, ಜಾಗ ಬೇರೆ

ಎಸ್‌ಎಸ್‌ಡಿ ಬಂದ ಮೇಲೆ ಫೈಲಿಗೆ ಮುಂಗಡವಾಗಿ ಜಾಗ ಕಾದಿರಿಸುವುದೆಲ್ಲ ಹಳೇ ಕಾಲದ ಮಾತು ಎಂಬ ಅಭಿಪ್ರಾಯ ಈಗ ಚಾಲ್ತಿಯಲ್ಲಿದೆ. ಡಿಸ್ಕಿನ ಹೆಡ್ ಅತ್ತಿತ್ತ ಓಡಾಡಬೇಕಿಲ್ಲ, ಹಾಗಾಗಿ ಬ್ಲಾಕುಗಳು ಸಾಲಾಗಿದ್ದರೂ ಅಷ್ಟೇ, ಚೆದುರಿದ್ದರೂ ಅಷ್ಟೇ ಎಂಬ ತರ್ಕ ಅದು. ಇನ್ನು ಆಪರೇಟಿಂಗ್ ಸಿಸ್ಟಂ ಪಠ್ಯಗಳೋ, ಫೈಲು ಬೆಳೆಯುವ ಬಗೆಯನ್ನು ಪುಟಗಟ್ಟಲೆ ವಿವರಿಸಿ, ಅದನ್ನು ಕತ್ತರಿಸುವ ಟ್ರಂಕೇಟ್ ಕೆಲಸವನ್ನು ಒಂದೆರಡು ಸಾಲಿನಲ್ಲಿ ಮುಗಿಸುತ್ತವೆ. ಎರಡಕ್ಕೂ ಬೇರು ಒಂದೇ: ಫೈಲಿನ ಉದ್ದವೂ ಅದು ಡಿಸ್ಕಿನಲ್ಲಿ ಹಿಡಿದಿರುವ ಜಾಗವೂ ಒಂದೇ ಎಂಬ ತಿಳಿವಳಿಕೆ.

ಮೇನ್‌ಫ್ರೇಮ್ ಕಾಲದಲ್ಲಿ ಈ ಗೊಂದಲ ಇರಲಿಲ್ಲ. ಐಬಿಎಂನ ಓಎಸ್/360ರಲ್ಲಿ ಜಾಬ್ ಕೊಡುವವರೇ ಮೊದಲಿಗೆ ಇಷ್ಟು ಟ್ರ್ಯಾಕ್, ಸಾಲದಿದ್ದರೆ ಮತ್ತಿಷ್ಟು ಎಂದು ಜೆಸಿಎಲ್‌ನಲ್ಲಿ ಬರೆದುಕೊಡಬೇಕಿತ್ತು. ಲೆಕ್ಕ ತಪ್ಪಿದರೆ ಬಿ37 ಅಬೆಂಡ್. ಯುನಿಕ್ಸ್ ಇದನ್ನೆಲ್ಲ ಕಿತ್ತೊಗೆಯಿತು. ಬರೆದಂತೆ ಬ್ಲಾಕು ಸಿಗುತ್ತದೆ. ಕೊನೆಯಾಚೆ ಹಾರಿ ಬರೆದರೆ ನಡುವೆ ತೂತು ಉಳಿಯುತ್ತದೆ. ತೂತನ್ನು ಓದಿದರೆ ಸೊನ್ನೆ. ಚೆಂದದ ಸರಳತೆಯೇ, ಆದರೆ ಮೊದಮೊದಲು ಫೈಲನ್ನು ಪೂರ್ತಿ ಬರಿದು ಮಾಡಬಹುದಿತ್ತೇ ಹೊರತು ಬೇಕಾದಷ್ಟಕ್ಕೆ ಕತ್ತರಿಸಲು ಬರುತ್ತಿರಲಿಲ್ಲ. ಅದಕ್ಕೆ 1983ರ 4.2 ಬಿಎಸ್‌ಡಿ ಬರಬೇಕಾಯಿತು. ಹತ್ತು ವರ್ಷದ ನಂತರದ, ಲಿನಕ್ಸ್‌ನ ಇಎಕ್ಸ್‌ಟಿ2 ಒಂದು ಬ್ಲಾಕು ಕೇಳಿದರೆ ಅಕ್ಕಪಕ್ಕದ ಎಂಟರವರೆಗೆ ಹಿಡಿದಿಟ್ಟು, ಬಳಕೆಯಾಗದ್ದನ್ನು ಫೈಲು ಮುಚ್ಚುವಾಗ ಬಿಟ್ಟುಕೊಡುತ್ತಿತ್ತು.

ಕತ್ತರಿಸುವುದರಲ್ಲಿ ಅಂಥ ಕಷ್ಟವೇನಿದೆ? 4,096 ಬೈಟಿನ ಬ್ಲಾಕುಗಳಲ್ಲಿರುವ ದೊಡ್ಡ ಫೈಲೊಂದನ್ನು 5,000 ಬೈಟಿಗೆ ಇಳಿಸಿ ನೋಡಿ. ಎರಡನೇ ಬ್ಲಾಕಿನಲ್ಲಿ 904 ಬೈಟು ಉಳಿಯುತ್ತದೆ. ಬಾಕಿ 3,192 ಬೈಟಿಗೆ ಸೊನ್ನೆ ತುಂಬಲೇಬೇಕು. ಇಲ್ಲದಿದ್ದರೆ ನಾಳೆ ಫೈಲನ್ನು ಮತ್ತೆ ಉದ್ದ ಮಾಡಿದಾಗ, ಹೋಯಿತು ಎಂದುಕೊಂಡ ಹಳೆಯ ಮಾಹಿತಿ ಎದ್ದು ಕೂರುತ್ತದೆ. ಆಮೇಲೆ ಬ್ಲಾಕುಗಳನ್ನು ಬಿಡಿಸಿಕೊಳ್ಳಬೇಕು. ಇಎಕ್ಸ್‌ಟಿ3ರಲ್ಲಿ ಒಂದು ಗಿಗಾಬೈಟ್ ಫೈಲಿಗೆ ಸುಮಾರು 256 ಇಂಡೈರೆಕ್ಟ್ ಬ್ಲಾಕುಗಳಿದ್ದು, ಒಂದೊಂದನ್ನೂ ಓದಿಯೇ ಖಾಲಿ ಮಾಡಬೇಕು. ಇಷ್ಟೂ ಕೆಲಸ ಜರ್ನಲ್‌ನ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಹಿಡಿಸದೆ ಹೋಗಬಹುದು. ಅದಕ್ಕೇ ಐನೋಡನ್ನು ಮೊದಲು ಆರ್ಫನ್ ಲಿಸ್ಟಿಗೆ ಸೇರಿಸಿ, ಕಂತುಕಂತಾಗಿ ಕತ್ತರಿಸುವ ಏರ್ಪಾಡು. ನಡುವೆ ಕರೆಂಟು ಹೋದರೆ ಮುಂದಿನ ಮೌಂಟಿನಲ್ಲಿ ಕರ್ನಲ್ ಬಾಕಿ ಕೆಲಸ ಮುಗಿಸಿ, ‘1 ಟ್ರಂಕೇಟ್ ಕ್ಲೀನ್ಡ್ ಅಪ್’ ಎಂದು ಲಾಗಿನಲ್ಲಿ ಒಂದು ಸಾಲು ಬರೆಯುತ್ತದೆ. ಯಾರೂ ಓದದ ಸಾಲು. ಫೈಲ್ ಸಿಸ್ಟಂ ಬರೆದವರ ಕಸುಬುದಾರಿಕೆ ನನಗೆ ಕಾಣುವುದು ಅಲ್ಲೇ.

ನಮ್ಮ ಪೀಳಿಗೆ ಪಾಠ ಕಲಿತದ್ದು ಎಕ್ಸ್‌ಎಫ್‌ಎಸ್‌ನಿಂದ. ಸಿಲಿಕಾನ್ ಗ್ರಾಫಿಕ್ಸ್ 1994ರಲ್ಲಿ ತನ್ನ ಐರಿಕ್ಸ್‌ಗೆಂದು ಹೊರತಂದ ಇದರ ಮೇಲೆ ದೊಡ್ಡ ದೊಡ್ಡ ವಿಡಿಯೊಗಳು ತಡೆಯಿಲ್ಲದೆ ಹರಿಯಬೇಕಿತ್ತು. ಬ್ಲಾಕಿಗೊಂದು ನಮೂದಿನ ಬದಲು ‘ಇಲ್ಲಿಂದ ಇಷ್ಟು ಬ್ಲಾಕು’ ಎನ್ನುವ ಎಕ್ಸ್‌ಟೆಂಟ್. ಅದರ ಮೇಲೆ ‘ಇನ್ನೂ ಬರೆದಿಲ್ಲ’ ಎಂಬ ಗುರುತು. ಬಸ್ಸಿನ ಸೀಟಿಗೆ ಟವೆಲ್ ಹಾಕಿದಂತೆ: ಜಾಗ ನಿಮ್ಮದು, ಕೂತಿಲ್ಲ ಅಷ್ಟೇ. ಓದಿದರೆ ಸೊನ್ನೆ ಸಿಗುತ್ತದೆ, ಆ ಜಾಗದಲ್ಲಿ ಹಿಂದೆ ಇದ್ದ ಬೇರೆಯವರ ಮಾಹಿತಿಯಲ್ಲ. ಆದರೂ ಸೊನ್ನೆಗಳನ್ನು ಬರೆಯುವ ಖರ್ಚಿಲ್ಲ. ಇಎಕ್ಸ್‌ಟಿ4 ಇದನ್ನೇ ಅನುಸರಿಸಿತು. ಉದ್ದ ಹೇಳುವ 16 ಬಿಟ್‌ಗಳಲ್ಲಿ ಮೇಲಿನದನ್ನು ಗುರುತಿಗೆ ಬಳಸಿದ್ದರಿಂದ, ಬರೆದ ಎಕ್ಸ್‌ಟೆಂಟ್ 32,768 ಬ್ಲಾಕಿನವರೆಗೆ ಹೋದರೆ ಬರೆಯದ್ದು 32,767ಕ್ಕೇ ನಿಲ್ಲುತ್ತದೆ. ಎನ್‌ಟಿಎಫ್‌ಎಸ್‌ನ ದಾರಿ ಬೇರೆ. ಎಲ್ಲಿಯವರೆಗೆ ಬರೆದಾಗಿದೆ ಎಂಬ ಒಂದೇ ಗಡಿಯನ್ನು ಅದು ಇಟ್ಟುಕೊಳ್ಳುತ್ತದೆ. ಫೈಲಿನ ಕೊನೆಯಲ್ಲಿ ಒಂದು ಬೈಟು ಬರೆದರೆ ನಡುವಿನದಕ್ಕೆಲ್ಲ ಸೊನ್ನೆ ತುಂಬುತ್ತಾ ಕೂರಬೇಕು. ಮಿತವ್ಯಯ ಹೌದು, ಜಾಣತನ ಅಲ್ಲ.

2001ರ ಪಾಸಿಕ್ಸ್ ಮಾನಕದಲ್ಲಿ ಜಾಗ ಕಾದಿರಿಸುವ ಕರೆ ಸೇರಿತಾದರೂ ಲಿನಕ್ಸ್‌ನಲ್ಲಿ ಜಿಲಿಬ್‌ಸಿ ಬ್ಲಾಕಿಗೊಂದು ಬೈಟು ಬರೆದು ಆ ಶಾಸ್ತ್ರ ಮುಗಿಸುತ್ತಿತ್ತು. ಕರ್ನಲ್‌ನಲ್ಲೇ ಫಾಲೊಕೇಟ್ ಕರೆ ಬಂದದ್ದು 2007ರ 2.6.23ರಲ್ಲಿ, ಅದನ್ನು ಬರೆದವರು ಐಬಿಎಂನ ಭಾರತದ ತಂಡದ ಅಮಿತ್ ಅರೋರಾ. ಉದ್ದ ಬದಲಿಸದೆ ಜಾಗವನ್ನಷ್ಟೇ ಹಿಡಿಯುವ ಆಯ್ಕೆ ಅದರಲ್ಲಿ ಮೊದಲಿಂದಲೇ ಇತ್ತು. ನನ್ನ ಎಣಿಕೆಯಲ್ಲಿ ಅದೇ ದೊಡ್ಡ ಹೆಜ್ಜೆ. 2011ರಲ್ಲಿ ಫೈಲಿನ ನಡುವೆ ತೂತು ಕೊರೆಯುವುದೂ, 2014–15ರಲ್ಲಿ ನಡುವಿನ ತುಂಡು ತೆಗೆದು ಕೂಡಿಸುವುದೂ ಹೊಸ ತುಂಡು ತೂರಿಸುವುದೂ ಸಾಧ್ಯವಾದವು. ವೇಗಕ್ಕಾಗಿ ಹಳೆಯ ಮಾಹಿತಿ ಕಂಡರೂ ಪರವಾಗಿಲ್ಲ ಎನ್ನುವ ಆಯ್ಕೆಯನ್ನೂ 2012ರಲ್ಲಿ ಮುಂದಿಟ್ಟರು; ಮುಖ್ಯ ಕರ್ನಲ್ ಅದನ್ನು ಒಪ್ಪಲಿಲ್ಲ, ಒಪ್ಪದಿದ್ದುದೇ ಸರಿ.

ಈ ನಡುವೆ 2009ರಲ್ಲಿ ಟ್ರಂಕೇಟ್ ತನ್ನ ಹಲ್ಲು ತೋರಿಸಿತು. ಅಪ್ಲಿಕೇಶನ್ನುಗಳು ಸೆಟ್ಟಿಂಗ್ಸ್ ಫೈಲನ್ನು ಸೊನ್ನೆಗೆ ಇಳಿಸಿ ಹೊಸದನ್ನು ಬರೆಯುತ್ತಿದ್ದವು. ಇಎಕ್ಸ್‌ಟಿ4 ಬ್ಲಾಕು ಹಂಚುವುದನ್ನು ತಡಮಾಡುತ್ತಿದ್ದುದರಿಂದ, ಕತ್ತರಿಸಿದ್ದು ಡಿಸ್ಕಿಗೆ ಹೋಗಿ ಹೊಸ ಮಾಹಿತಿ ಹೋಗುವಷ್ಟರಲ್ಲಿ ಮೆಷಿನ್ ಕುಸಿದರೆ ಸಿಗುತ್ತಿದ್ದದ್ದು ಬರೀ ಖಾಲಿ ಫೈಲು. ಎಫ್‌ಸಿಂಕ್ ಕರೆಯದಿದ್ದುದು ಅಪ್ಲಿಕೇಶನ್ನಿನ ತಪ್ಪು ಎಂದ, ಇಎಕ್ಸ್‌ಟಿ4ರ ಉಸ್ತುವಾರಿ ಹೊತ್ತಿದ್ದ ಥಿಯೊಡೋರ್ ತ್ಸೊ ಮಾನಕದ ಪ್ರಕಾರ ಸರಿಯೇ. ಆದರೂ ಹೀಗೆ ಕತ್ತರಿಸಿ ಬರೆದ ಫೈಲು ಮುಚ್ಚಿದೊಡನೆ ಬ್ಲಾಕು ಹಂಚಿಬಿಡುವ ತಿದ್ದುಪಡಿಯನ್ನು 2.6.30ಕ್ಕೆ ಸೇರಿಸಿದವರೂ ಅವರೇ.

ಕಾಪಿ-ಆನ್-ರೈಟ್ ಬಂದು ಆಟದ ನಿಯಮವನ್ನೇ ಬದಲಿಸಿತು. ಪ್ರತಿ ಬರವಣಿಗೆಯೂ ಹೊಸ ಜಾಗಕ್ಕೆ ಹೋಗುವಾಗ ಹಿಡಿದಿಟ್ಟ ಜಾಗದಿಂದ ಏನು ಪ್ರಯೋಜನ? 2020ರ ಓಪನ್‌ಝಡ್‌ಎಫ್‌ಎಸ್ 2.0ರಲ್ಲಿ ಫಾಲೊಕೇಟ್ ಕರೆದರೆ ಅದು ಸದ್ಯಕ್ಕೆ ಅಷ್ಟು ಜಾಗ ಖಾಲಿ ಇದೆಯೇ ಎಂದು ನೋಡಿ ‘ಆಯಿತು’ ಎನ್ನುತ್ತದೆ, ಕಾದಿರಿಸುವುದಿಲ್ಲ. ಪೋಸ್ಟ್‌ಗ್ರೆಸ್ 12ನೇ ಆವೃತ್ತಿ ಹಳೆಯ ಲಾಗ್ ಫೈಲುಗಳನ್ನು ಮರುಬಳಸಬೇಕೇ, ಹೊಸದಕ್ಕೆ ಸೊನ್ನೆ ತುಂಬಬೇಕೇ ಎಂಬ ಎರಡು ಸ್ವಿಚ್ಚುಗಳನ್ನು ಬಳಕೆದಾರರ ಕೈಗೆ ಕೊಟ್ಟದ್ದು ಇದಕ್ಕೇ. ಡೇಟಾಬೇಸ್ ನಡೆಸುವವರು ಈಗ ಕೆಳಗಿರುವ ಫೈಲ್ ಸಿಸ್ಟಂ ಯಾವುದೆಂದು ತಿಳಿದೇ ಸ್ವಿಚ್ಚು ಹಾಕಬೇಕು. ಅದರ ಕೆಳಗೆ ಥಿನ್ ಪ್ರೊವಿಷನಿಂಗ್ ಇದ್ದರೆ ಇಎಕ್ಸ್‌ಟಿ4ರ ಮಾತೂ ಪೊಳ್ಳಾಗಬಹುದು: ಫೈಲ್ ಸಿಸ್ಟಂ ಕೊಟ್ಟ ಬ್ಲಾಕಿಗೆ ಕೆಳಗೆ ನಿಜವಾದ ಜಾಗವೇ ಇಲ್ಲದಿರಬಹುದು. ಎಸ್‌ಎಸ್‌ಡಿ ವಾದಿಗಳು ಗಮನಿಸಬೇಕಾದದ್ದು ಇಲ್ಲಿ. ಬ್ಲಾಕುಗಳು ಸಾಲಾಗಿರಲಿ ಎಂಬುದು ಫಾಲೊಕೇಟ್ ಕರೆಯ ಲಾಭಗಳಲ್ಲಿ ಒಂದು ಮಾತ್ರ. ಬರೆಯುವ ಹೊತ್ತಿಗೆ ಜಾಗವಿಲ್ಲ ಎಂಬ ಉತ್ತರ ಬಾರದಿರಲಿ ಎಂಬುದೇ ಅದರ ಮೂಲ ಉದ್ದೇಶ. ಆ ಭರವಸೆ ಕೆಳಗಿನ ಪದರದವರೆಗೂ ನಿಜವೇ ಎಂದು ಅಪ್ಲಿಕೇಶನ್ ಕೇಳಿ ತಿಳಿಯಬಲ್ಲ ಕರೆ ಪಾಸಿಕ್ಸ್‌ನಲ್ಲಿ ಇಂದಿಗೂ ಇಲ್ಲ.